ಮೊದಲು ಬಂದ ವೈರಸ್: ಹಂದಿಗಳಲ್ಲಿ ರೋಗನಿರೋಧಕ ಶಕ್ತಿ ಕುಂದುವ ಬಗೆ



ನಮ್ಮ ಪಶುವೈದ್ಯರ ಸಭೆಗಳಲ್ಲಿ ಹಸುವಿಗೆ ಮೊದಲ ಮಣೆ. ಆಮೇಲೆ ಎಮ್ಮೆ, ಕುರಿ, ಕೋಳಿ. ಹಂದಿಯ ಸರದಿ ಬರುವ ಹೊತ್ತಿಗೆ ಸಭಿಕರು ಊಟಕ್ಕೆ ಎದ್ದಿರುತ್ತಾರೆ. ಇಂದು ಪೂರ್ತಿ ಒಂದು ಗಂಟೆ ಹಂದಿಗೇ ಮೀಸಲಾಗಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಹಂದಿಗಳಿವೆ. 2012ರ ಗಣತಿಗೆ ಹೋಲಿಸಿದರೆ ಇದು ಶೇಕಡಾ 12ರಷ್ಟು ಕಡಿಮೆ. ಇವುಗಳಲ್ಲಿ ದೊಡ್ಡ ಪಾಲು ಈಶಾನ್ಯ ರಾಜ್ಯಗಳಲ್ಲಿದೆ. ಕೊಡಗಿನಂಥ ಕಡೆ ಹಂದಿ ಊಟದೊಂದಿಗೆ ಹಬ್ಬಕ್ಕೂ ಸೇರಿದ್ದು. ಬೆಂಗಳೂರಿನ ಸುತ್ತಮುತ್ತ ಅದು ಹೋಟೆಲ್ ಮುಸುರೆಯನ್ನು ನಂಬಿ ಬದುಕುವ ಸಣ್ಣ ಉದ್ಯಮ. ಎಲ್ಲಿ ಸಾಕಿದರೂ ಸಾಕುವವರ ಕೈಯಲ್ಲಿ ಹಣ ಕಡಿಮೆ, ಒಂದು ಸೂಲಿನ ಮರಿಗಳು ಹೋದರೆ ಆ ವರ್ಷದ ಲೆಕ್ಕವೇ ಮುಳುಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು. ಸತ್ತ ಹಂದಿಯ ಮೈಯಲ್ಲಿ ನಮಗೆ ಸಿಗುವ ರೋಗಾಣು ಒಂದು, ಆ ಸಾವಿಗೆ ದಾರಿ ಮಾಡಿಕೊಟ್ಟದ್ದು ಹಲವು ಬಾರಿ ಇನ್ನೊಂದು. ಸಿಕ್ಕಿದ್ದಕ್ಕೆ ಔಷಧಿ ಕೊಡುತ್ತೇವೆ, ದಾರಿ ಮಾಡಿಕೊಟ್ಟದ್ದನ್ನು ಹಾಗೇ ಬಿಡುತ್ತೇವೆ. ದಾರಿ ಮಾಡಿಕೊಡುವ ಕೆಲಸದಲ್ಲಿ ಪಳಗಿದವು ಕೆಲವು ವೈರಸ್‌ಗಳು. ಅವು ಹಂದಿಯ ರಕ್ಷಣಾ ವ್ಯವಸ್ಥೆಯನ್ನು ಹೇಗೆ ಕೆಡಿಸುತ್ತವೆ ಎಂಬುದೇ ಇಂದಿನ ವಿಷಯ.

ಮೇವಿನ ಬೂಷ್ಟಿನ ವಿಷ, ಜಂತುಹುಳು, ಬಿಸಿಲಿನ ಬೇಗೆ, ಕಿಕ್ಕಿರಿದ ಗೂಡು, ಇವೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಇಂದು ಅವುಗಳ ತಂಟೆಗೆ ಹೋಗುವುದಿಲ್ಲ. ಪಿಆರ್‌ಆರ್‌ಎಸ್, ಸರ್ಕೋವೈರಸ್, ಹಂದಿ ಜ್ವರ ಎಂಬ ಮೂರನ್ನು ವಿವರವಾಗಿಯೂ ಆಫ್ರಿಕನ್ ಹಂದಿ ಜ್ವರವನ್ನು ಸಂಕ್ಷೇಪವಾಗಿಯೂ ನೋಡಿ, ಕೊನೆಗೆ ನಮ್ಮ ಫಾರಂಗಳಲ್ಲಿ ಮಾಡಬೇಕಾದದ್ದೇನು ಎಂಬಲ್ಲಿಗೆ ಬರುತ್ತೇನೆ. ಈ ನಾಲ್ಕೂ ಮನುಷ್ಯರಿಗೆ ತಗಲುವ ರೋಗಗಳಲ್ಲ. 2009ರಲ್ಲಿ ಪತ್ರಿಕೆಗಳು ಹಂದಿ ಜ್ವರ ಎಂದು ಬರೆದ ಎಚ್1ಎನ್1 ಫ್ಲೂ ಬೇರೆಯೇ ಕಾಯಿಲೆ.

ಮೊದಲಿಗೆ ಸ್ವಲ್ಪ ಚರಿತ್ರೆ. 1908ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಒಂದು ವಿಚಿತ್ರವನ್ನು ಗಮನಿಸಿದರು. ಕ್ಷಯದ ಟ್ಯೂಬರ್‌ಕ್ಯುಲಿನ್ ಪರೀಕ್ಷೆ ಮಾಡಿದಾಗ ಚರ್ಮ ಕೆಂಪಗೆ ಉಬ್ಬುತ್ತಿದ್ದ ಮಕ್ಕಳಲ್ಲಿ, ದಡಾರ ಬಂದ ದಿನಗಳಲ್ಲಿ ಅದೇ ಪರೀಕ್ಷೆ ಮಾಡಿದರೆ ಚರ್ಮ ಏನೂ ಆಗದಂತೆ ಇರುತ್ತಿತ್ತು. ದಡಾರ ಇಳಿದು ಕೆಲಕಾಲವಾದ ಮೇಲೆ ಮತ್ತೆ ಉಬ್ಬು ಕಾಣಿಸುತ್ತಿತ್ತು. ಒಂದು ಸೋಂಕು ಇನ್ನೊಂದರ ವಿರುದ್ಧ ದೇಹಕ್ಕಿದ್ದ ನೆನಪನ್ನು ಅಷ್ಟು ದಿನ ಅಡಗಿಸಿಡಬಲ್ಲದು ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಸಿಕ್ಕ ಮೊದಲ ಗಟ್ಟಿ ಸಾಕ್ಷಿ ಅದು.

ಹಂದಿಗಳಲ್ಲಿ ಇದಕ್ಕೆ ಹತ್ತಿರದ ಕಥೆ ರಿಚರ್ಡ್ ಶೋಪ್ ಅವರದು. 1918ರಲ್ಲಿ ಜಗತ್ತಿನಾದ್ಯಂತ ಇನ್‌ಫ್ಲುಯೆಂಜಾ ಹಬ್ಬಿದಾಗಲೇ ಅಮೆರಿಕದ ಅಯೋವಾದಲ್ಲಿ ಹಂದಿಗಳೂ ಕೆಮ್ಮಿ, ಜ್ವರ ಬಂದು ಮಲಗಿದವು. ಅದರ ಮೂಲ ಹುಡುಕುತ್ತಿದ್ದ ಶೋಪ್, ಪ್ರಿನ್ಸ್‌ಟನ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ಮಾಡಿದ ಪ್ರಯೋಗಗಳನ್ನು 1931ರಲ್ಲಿ ಪ್ರಕಟಿಸಿದರು. ರೋಗಿ ಹಂದಿಯ ಶ್ವಾಸಮಾರ್ಗದ ದ್ರವವನ್ನು ಬ್ಯಾಕ್ಟೀರಿಯಾ ದಾಟಲಾರದಂಥ ಶೋಧಕದಲ್ಲಿ ಸೋಸಿ ಆರೋಗ್ಯವಂತ ಹಂದಿಯ ಮೂಗಿಗೆ ಬಿಟ್ಟರೆ ಹಗುರವಾದ ಕಾಯಿಲೆ ಮಾತ್ರ ಬಂತು. ಹಿಮೋಫಿಲಸ್ ಎಂಬ ಬ್ಯಾಕ್ಟೀರಿಯಾ ಒಂದನ್ನೇ ಬಿಟ್ಟರೆ ಅದೂ ಬರಲಿಲ್ಲ. ಎರಡನ್ನೂ ಸೇರಿಸಿ ಬಿಟ್ಟಾಗ ಊರೂರುಗಳಲ್ಲಿ ಕಂಡ ಅದೇ ತೀವ್ರ ರೋಗ ಪ್ರಯೋಗಾಲಯದಲ್ಲೂ ಕಾಣಿಸಿಕೊಂಡಿತು. ಶೋಪ್ ಅವರನ್ನು ಇನ್‌ಫ್ಲುಯೆಂಜಾ ವೈರಸ್ ಕಂಡುಹಿಡಿದವರು ಎಂದು ಪಠ್ಯಪುಸ್ತಕಗಳು ಹೊಗಳುತ್ತವೆ, ಸರಿಯೇ. ನನ್ನ ಎಣಿಕೆಯಲ್ಲಿ ಅವರ ಜೋಡಿ ಪ್ರಯೋಗ ಅದಕ್ಕಿಂತ ತೂಕದ್ದು. ಇವತ್ತು ನಾವು ಹಂದಿಗಳ ಸಂಕೀರ್ಣ ಶ್ವಾಸರೋಗ ಎಂದು ಕರೆಯುವ ಎಲ್ಲದರ ಬೀಜ ಅದರಲ್ಲಿದೆ.

ವೈರಸ್‌ಗಳಿಗೆ ಹೋಗುವ ಮುನ್ನ ಹಂದಿಮರಿಯ ಬಗ್ಗೆ ಎರಡು ಮಾತು. ಮನುಷ್ಯರ ಕೂಸು ಹುಟ್ಟುವ ಮೊದಲೇ ತಾಯಿಯ ಪ್ರತಿಕಾಯಗಳನ್ನು ಪಡೆದಿರುತ್ತದೆ. ಹಂದಿಯ ಗರ್ಭದ ಮಾಸು ಅವನ್ನು ದಾಟಿಸುವುದಿಲ್ಲ. ಮರಿ ಹುಟ್ಟುವಾಗ ಪ್ರತಿಕಾಯಗಳ ಮಟ್ಟಿಗೆ ಬರಿಗೈ. ಗಿಣ್ಣು ಹಾಲಿನಿಂದಲೇ ಎಲ್ಲವೂ ಬರಬೇಕು, ಅದೂ ಮೊದಲ 24 ಗಂಟೆಯೊಳಗೆ, ಕರುಳು ಆ ದೊಡ್ಡ ಅಣುಗಳನ್ನು ಒಳಗೆ ಬಿಟ್ಟುಕೊಳ್ಳುವಷ್ಟು ಹೊತ್ತು ಮಾತ್ರ. ಹಾಗೆ ಬಂದ ಬಂಡವಾಳ ವಾರದಿಂದ ವಾರಕ್ಕೆ ಕರಗುತ್ತದೆ. ಅದು ಕರಗಿ ಮರಿಯ ಸ್ವಂತ ಶಕ್ತಿ ಇನ್ನೂ ಬಲಿಯದ ಸಂಧಿಕಾಲದಲ್ಲೇ ನಾವು ಹಾಲು ಬಿಡಿಸುತ್ತೇವೆ, ಬೇರೆ ಬೇರೆ ತಾಯಂದಿರ ಮರಿಗಳನ್ನು ಒಂದೇ ಕೋಣೆಗೆ ಸೇರಿಸುತ್ತೇವೆ, ಮೇವು ಬದಲಿಸುತ್ತೇವೆ. ನಾನು ಹೇಳಲಿರುವ ರೋಗಗಳಲ್ಲಿ ಹೆಚ್ಚಿನವು ಈ ವಯಸ್ಸಿನಲ್ಲೇ ತಲೆ ಎತ್ತುವುದು ಕಾಕತಾಳೀಯವಲ್ಲ.

ಈಗ ಮೊದಲನೆಯ ವೈರಸ್‌ಗೆ ಬರುತ್ತೇನೆ. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ರೋಗನಿರೋಧಕ ಶಕ್ತಿಯನ್ನು ಕೆಡಿಸುವ ಕಲೆಯಲ್ಲಿ ಇದಕ್ಕೆ ಸಾಟಿ ಕಡಿಮೆ.

1980ರ ದಶಕದ ಕೊನೆಯಲ್ಲಿ ಅಮೆರಿಕದ ಫಾರಂಗಳಲ್ಲಿ ಗಬ್ಬದ ಹಂದಿಗಳು ದಿನ ತುಂಬುವ ಹೊತ್ತಿಗೆ ಕಂದು ಹಾಕತೊಡಗಿದವು. ಹುಟ್ಟಿದ ಮರಿಗಳು ಸೊರಗಿದ್ದವು, ಬೆಳೆಯುವ ಹಂದಿಗಳು ಏದುಸಿರು ಬಿಡುತ್ತಿದ್ದವು. ಕಾರಣ ಗೊತ್ತಿಲ್ಲದೆ ಅದನ್ನು ನಿಗೂಢ ಹಂದಿರೋಗ ಎಂದೇ ಕರೆದರು. 1990ರ ಸುಮಾರಿಗೆ ಅದು ಜರ್ಮನಿಯಲ್ಲಿ, ಆಮೇಲೆ ನೆದರ್‌ಲೆಂಡ್ಸ್, ಇಂಗ್ಲೆಂಡ್‌ಗಳಲ್ಲಿ ಕಾಣಿಸಿತು. ಕೆಲವು ಹಂದಿಗಳ ಕಿವಿ ನೀಲಿಗಟ್ಟುತ್ತಿದ್ದುದರಿಂದ ಇಂಗ್ಲೆಂಡಿನ ರೈತರ ಬಾಯಲ್ಲಿ ಅದು ನೀಲಿ ಕಿವಿಯ ರೋಗವಾಯಿತು. 1991ರಲ್ಲಿ ನೆದರ್‌ಲೆಂಡ್ಸ್‌ನ ಲೆಲಿಸ್ಟಾಡ್‌ನಲ್ಲಿ ವೆನ್ಸ್‌ವೂರ್ಟ್ ಮತ್ತು ಸಂಗಡಿಗರು ವೈರಸ್ಸನ್ನು ಬೇರ್ಪಡಿಸಿದರು. ಅಮೆರಿಕದವರು ಮರುವರ್ಷ ತಮ್ಮದನ್ನು ವರದಿ ಮಾಡಿದರು. ಎರಡೂ ಒಂದೇ ರೋಗ ತರುವ, ಆದರೆ ಆನುವಂಶಿಕವಾಗಿ ಬಹಳ ದೂರದ ವೈರಸ್‌ಗಳು ಎಂದು ಆಮೇಲೆ ತಿಳಿಯಿತು. ಸಂತಾನೋತ್ಪತ್ತಿ ಮತ್ತು ಉಸಿರಾಟ ಎರಡನ್ನೂ ಕೆಡಿಸುವ ರೋಗ ಎಂಬ ಉದ್ದನೆಯ ಹೆಸರಿನ ಚಿಕ್ಕ ರೂಪವೇ ಪಿಆರ್‌ಆರ್‌ಎಸ್.

ಈ ವೈರಸ್ ಹುಡುಕಿಕೊಂಡು ಹೋಗುವುದು ಮ್ಯಾಕ್ರೋಫೇಜ್ ಎಂಬ ಕೋಶವನ್ನು. ಶ್ವಾಸಕೋಶದ ಗಾಳಿಚೀಲಗಳಲ್ಲಿ ಅಲೆದಾಡುತ್ತ, ಉಸಿರಿನೊಂದಿಗೆ ಬಂದ ಧೂಳು, ಬ್ಯಾಕ್ಟೀರಿಯಾ ಎಲ್ಲವನ್ನೂ ನುಂಗಿ ಅರಗಿಸುವ ಕೋಶ ಅದು. ಶತ್ರು ಬಂದ ಸುದ್ದಿಯನ್ನು ಉಳಿದ ಕೋಶಗಳಿಗೆ ಮುಟ್ಟಿಸುವುದೂ ಅದರ ಕೆಲಸ. ಒಡೆದ ರಕ್ತಕಣಗಳ ಹಿಮೋಗ್ಲೋಬಿನನ್ನು ಹಿಡಿದು ಶುಚಿ ಮಾಡಲು ಅದರ ಹೊರಮೈಯಲ್ಲಿ ಸಿಡಿ163 ಎಂಬ ಪ್ರೋಟೀನ್ ಇರುತ್ತದೆ. ಪಿಆರ್‌ಆರ್‌ಎಸ್ ವೈರಸ್ ಅದನ್ನೇ ಬಳಸಿಕೊಂಡು ಕೋಶದೊಳಗೆ ಇಳಿದು, ಅಲ್ಲೇ ಮರಿ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಾಯಬೇಕಾದ ಕೋಶವೇ ವೈರಸ್ಸಿನ ಕಾರ್ಖಾನೆಯಾಗುತ್ತದೆ. ಸೋಂಕಿದ ಕೋಶಗಳು ಸಾಯುತ್ತವೆ, ಸೋಂಕದ ನೆರೆಯ ಕೋಶಗಳೂ ಅವುಗಳೊಂದಿಗೆ ಸಾಯುತ್ತವೆ. ಉಳಿದವಕ್ಕೆ ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲುವ ತ್ರಾಣ ಕುಗ್ಗಿರುತ್ತದೆ. ಹಂದಿಗೆ ಶ್ವಾಸಕೋಶದ ರಕ್ತನಾಳಗಳ ಒಳಗೋಡೆಗೂ ಅಂಟಿಕೊಂಡ ಮ್ಯಾಕ್ರೋಫೇಜ್‌ಗಳಿವೆ. ರಕ್ತದಲ್ಲಿ ಹರಿದುಬರುವ ರೋಗಾಣುಗಳನ್ನು ಹೆಕ್ಕುವುದು ಅವುಗಳ ಕೆಲಸ. ವೈರಸ್ ಅವನ್ನೂ ಬಿಡುವುದಿಲ್ಲ. ಸ್ಟ್ರೆಪ್ಟೊಕಾಕಸ್ ಸುಯಿಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ಹಂದಿಯ ಮೂಗು ಟಾನ್ಸಿಲ್‌ಗಳಲ್ಲಿ ತೆಪ್ಪಗೆ ಇರುವಂಥದ್ದು. ಪಿಆರ್‌ಆರ್‌ಎಸ್ ಬಂದ ಹಂದಿಯಲ್ಲಿ ಅದು ರಕ್ತಕ್ಕಿಳಿದು ಮೆದುಳಿನ ಪೊರೆಗೆ ಹೋಗುವುದೇಕೆ ಎಂಬುದಕ್ಕೆ ಇದು ದೊಡ್ಡ ಕಾರಣ.

ಇಂಟರ್‌ಫೆರಾನ್ ವಿಷಯ ಇನ್ನೊಂದು. ವೈರಸ್ ಬಂದ ಕೂಡಲೇ ಕೋಶಗಳು ಬಿಡುಗಡೆ ಮಾಡುವ ಈ ಎಚ್ಚರಿಕೆಯ ರಾಸಾಯನಿಕವನ್ನು 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಲಂಡನ್‌ನಲ್ಲಿ ಗುರುತಿಸಿದ್ದರು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ತಂಡ 1990ರ ದಶಕದ ಕೊನೆಯಲ್ಲಿ ಮೂರು ಬೇರೆ ಬೇರೆ ವೈರಸ್‌ಗಳನ್ನು ಹಂದಿಗಳಿಗೆ ಕೊಟ್ಟು ಶ್ವಾಸಕೋಶದ ದ್ರವವನ್ನು ಅಳೆದು ನೋಡಿತು. ಇನ್‌ಫ್ಲುಯೆಂಜಾ, ಉಸಿರಾಟದ ಕೊರೋನಾವೈರಸ್ ಇವೆರಡಕ್ಕೂ ಇಂಟರ್‌ಫೆರಾನ್ ಭರ್ರನೆ ಏರಿತು. ಪಿಆರ್‌ಆರ್‌ಎಸ್‌ಗೆ ಏರಿದ್ದು ಅತ್ಯಲ್ಪ. ವೈರಸ್ಸಿನ ಕೆಲವು ಪ್ರೋಟೀನ್‌ಗಳು ಕೋಶದೊಳಗೆ ಆ ಎಚ್ಚರಿಕೆಯ ಸಂಕೇತ ಹುಟ್ಟುವ ದಾರಿಯನ್ನೇ ಕತ್ತರಿಸುತ್ತವೆ. ಇನ್‌ಫ್ಲುಯೆಂಜಾ ಗದ್ದಲ ಎಬ್ಬಿಸಿ ವಾರದೊಳಗೆ ಹೊರಟುಹೋಗುತ್ತದೆ. ಪಿಆರ್‌ಆರ್‌ಎಸ್ ಸದ್ದಿಲ್ಲದೆ ಬಂದು ಟಾನ್ಸಿಲ್, ದುಗ್ಧಗ್ರಂಥಿಗಳಲ್ಲಿ ತಿಂಗಳುಗಟ್ಟಲೆ ತಂಗುತ್ತದೆ.

ಪ್ರತಿಕಾಯಗಳ ಕಥೆ ನಮ್ಮ ಕ್ಷೇತ್ರದ ವೈದ್ಯರಿಗೆ ಇನ್ನೂ ಮುಖ್ಯ. ಸೋಂಕಾದ ಒಂದು, ಒಂದೂವರೆ ವಾರದಲ್ಲಿ ಎಲಿಸಾ ಪರೀಕ್ಷೆ ಪಾಸಿಟಿವ್ ಆಗುತ್ತದೆ. ನೋಡಿದವರಿಗೆ, ಸರಿ, ಹಂದಿ ಎದುರಿಸಿತು, ಇನ್ನು ಗೆದ್ದಂತೆ ಎನಿಸುತ್ತದೆ. ಆ ಪ್ರತಿಕಾಯಗಳು ಮುಖ್ಯವಾಗಿ ವೈರಸ್ಸಿನ ಒಳತಿರುಳಿನ ಪ್ರೋಟೀನ್ ವಿರುದ್ಧ ಹುಟ್ಟಿದವು. ಅವು ಹೊರಗಿನಿಂದ ಬರುವ ವೈರಸ್ಸನ್ನು ತಡೆಯಲಾರವು. ತಡೆಯಬಲ್ಲ ಪ್ರತಿಕಾಯಗಳು ಸಾಮಾನ್ಯವಾಗಿ ನಾಲ್ಕು ವಾರ ಕಳೆದ ಮೇಲೆಯೇ, ಅದೂ ಜಿಪುಣತನದಿಂದ, ಕಾಣಿಸಿಕೊಳ್ಳುತ್ತವೆ. ವೈರಸ್ಸಿನ ಹೊರಮೈಯ ಪ್ರೋಟೀನ್ ಸಕ್ಕರೆಯ ಅಣುಗಳನ್ನು ಹೊದ್ದು, ಹಿಡಿಯಬೇಕಾದ ಜಾಗವನ್ನು ಮರೆಮಾಡಿಕೊಂಡಿರುತ್ತದೆ. ತಡೆಯಲಾರದ ಪ್ರತಿಕಾಯ ಅಂಟಿಕೊಂಡ ವೈರಸ್ಸನ್ನು ಮ್ಯಾಕ್ರೋಫೇಜ್ ಇನ್ನಷ್ಟು ಸಲೀಸಾಗಿ ನುಂಗುವುದನ್ನೂ ಪ್ರಯೋಗಗಳಲ್ಲಿ ಕಂಡಿದ್ದಾರೆ. ಹಾಗಾಗಿ ಎಲಿಸಾ ವರದಿಯನ್ನು ಸೋಂಕು ಬಂದು ಹೋಗಿದೆ ಅಥವಾ ಇನ್ನೂ ಇದೆ ಎಂದಷ್ಟೇ ಓದಬೇಕು. ರಕ್ಷಣೆ ಸಿಕ್ಕಿದೆ ಎಂದು ಓದಿದರೆ ಎಡವುತ್ತೇವೆ.

ವಿದ್ಯಾರ್ಥಿಗಳಿಗಾಗಿ ಇದನ್ನು ಮರಣೋತ್ತರ ಪರೀಕ್ಷೆಯ ಮೇಜಿಗೆ ತರುತ್ತೇನೆ. ಏಳೆಂಟು ವಾರದ ಮರಿ, ಬೆನ್ನೆಲುಬು ಎದ್ದು ಕಾಣುತ್ತಿದೆ, ಮೈಮೇಲಿನ ಕೂದಲು ಒರಟಾಗಿ ನಿಂತಿದೆ. ಎದೆಗೂಡು ತೆರೆದರೆ ಆರೋಗ್ಯವಂತ ಶ್ವಾಸಕೋಶ ಗಾಳಿ ಬಿಟ್ಟು ಕುಗ್ಗಬೇಕು, ಬಣ್ಣ ತಿಳಿಗುಲಾಬಿ ಇರಬೇಕು. ಇಲ್ಲಿ ಅದು ಕುಗ್ಗುವುದಿಲ್ಲ. ಬೂದು-ಕಂದು ಮಚ್ಚೆಗಳಿವೆ, ಬೆರಳಿಂದ ಒತ್ತಿದರೆ ರಬ್ಬರಿನಂತೆ ಬಿಗಿ, ಮೇಲ್ಮೈಯಲ್ಲಿ ಪಕ್ಕೆಲುಬಿನ ಗುರುತು ಮೂಡಿದೆ. ತೊಡೆಸಂದಿನ ದುಗ್ಧಗ್ರಂಥಿಗಳು ಊದಿವೆ. ಇಷ್ಟು ವೈರಸ್ಸಿನ ಕೆಲಸ. ಆದರೆ ಕಣ್ಣಿಗೆ ಮೊದಲು ಬೀಳುವುದು ಬೇರೆ: ಹೃದಯದ ಚೀಲದ ಮೇಲೆ, ಕರುಳಿನ ಸುತ್ತ ಬಿಳಿ-ಹಳದಿ ಎಳೆಎಳೆಯಾಗಿ ಅಂಟಿದ ಫೈಬ್ರಿನ್, ಕೀಲುಗಳಲ್ಲಿ ಕಲಕಿದ ನೀರು. ಅದರ ಸ್ವಾಬ್ ತೆಗೆದು ಕಳಿಸಿದರೆ ಗ್ಲೇಸರೆಲ್ಲಾ ಪ್ಯಾರಾಸುಯಿಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಬರುತ್ತದೆ. ಶೋಪ್ ಕಂಡ ಬ್ಯಾಕ್ಟೀರಿಯಾದ ಬಳಗದ್ದೇ ಇದು. ಹಿಂದೆ ಇದನ್ನೂ ಹಿಮೋಫಿಲಸ್ ಎಂದೇ ಕರೆಯುತ್ತಿದ್ದರು. ವರದಿಯಲ್ಲಿ ಆ ಹೆಸರು ಬಂದ ಕೂಡಲೇ ಕಡತ ಮುಚ್ಚಿ ಆಂಟಿಬಯಾಟಿಕ್ ಬರೆಯುತ್ತೇವೆ. ಮುಂದಿನ ತಂಡದ ಮರಿಗಳಲ್ಲಿ ಅದೇ ಕಥೆ, ಈ ಬಾರಿ ಇನ್ನೊಂದು ಬ್ಯಾಕ್ಟೀರಿಯಾದ ಹೆಸರಿನಲ್ಲಿ.

ಈ ರೋಗ ಎಷ್ಟು ಭೀಕರವಾಗಬಲ್ಲದೆಂದು 2006ರಲ್ಲಿ ಚೀನಾ ಕಂಡಿತು. ಅಲ್ಲಿ ಹುಟ್ಟಿದ ಉಗ್ರ ತಳಿಯೊಂದರಿಂದ 20 ಲಕ್ಷಕ್ಕೂ ಹೆಚ್ಚು ಹಂದಿಗಳು ನರಳಿ, ಸುಮಾರು 4 ಲಕ್ಷ ಸತ್ತವು ಎಂದು ಅಲ್ಲಿನ ವಿಜ್ಞಾನಿಗಳೇ ವರದಿ ಮಾಡಿದರು. 2013ರಲ್ಲಿ ಅದು ನಮ್ಮ ಮಿಜೋರಾಂಗೆ ಬಂತು. ಭಾರತದಲ್ಲಿ ದಾಖಲಾದ ಮೊದಲ ದೊಡ್ಡ ಹಾವಳಿ ಅದು. ಲಸಿಕೆ ಇಲ್ಲವೇ ಎಂದು ಕೇಳುತ್ತೀರಿ. ಅಮೆರಿಕದಲ್ಲಿ 1994ರಿಂದಲೇ ಜೀವಂತ ಲಸಿಕೆ ಇದೆ. ರೋಗದ ಕಾವನ್ನು ತಗ್ಗಿಸುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಡೆನ್ಮಾರ್ಕಿನಲ್ಲಿ 1996ರಲ್ಲಿ ಲಸಿಕೆಯ ವೈರಸ್ಸೇ ಲಸಿಕೆ ಹಾಕದ ಹಿಂಡುಗಳಿಗೂ ಹಬ್ಬಿ ತೊಂದರೆ ಕೊಟ್ಟ ಅನುಭವವೂ ಇದೆ. ದೇಹದ ರಕ್ಷಣೆಯನ್ನೇ ಮರುಳು ಮಾಡುವ ವೈರಸ್ಸಿಗೆ ಲಸಿಕೆ ತಯಾರಿಸುವುದು ಎಷ್ಟು ಕಷ್ಟ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಎರಡನೆಯದು, ಸರ್ಕೋವೈರಸ್. ಪಿಆರ್‌ಆರ್‌ಎಸ್ ಮ್ಯಾಕ್ರೋಫೇಜ್‌ಗಳನ್ನು ಹಿಡಿದರೆ ಇದು ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳ ಮನೆಯನ್ನೇ ಖಾಲಿ ಮಾಡುತ್ತದೆ.

ಇದು ಹುಟ್ಟಾ ಬಡ ವೈರಸ್. ಉಂಗುರದಾಕಾರದ ಒಂದೆಳೆಯ ಡಿಎನ್‌ಎ, ಅದರಲ್ಲಿ 1,770 ಅಕ್ಷರಗಳೂ ಇಲ್ಲ. ಇದರ ಅಣ್ಣ ಪಿಸಿವಿ1, ಅಂದರೆ ಒಂದನೆಯ ಹಂದಿ ಸರ್ಕೋವೈರಸ್, ಸಿಕ್ಕಿದ್ದು 1974ರಲ್ಲಿ, ಜರ್ಮನಿಯ ಪ್ರಯೋಗಾಲಯದಲ್ಲಿ, ಹಂದಿಯ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳಲ್ಲಿ. ಅದು ಯಾವ ರೋಗವನ್ನೂ ತರದ ನಿರುಪದ್ರವಿ. 2010ರಲ್ಲಿ ಮಕ್ಕಳ ರೋಟಾವೈರಸ್ ಲಸಿಕೆಯೊಂದರಲ್ಲಿ ಅದರ ಡಿಎನ್‌ಎ ಪತ್ತೆಯಾಗಿ, ಅಮೆರಿಕದಲ್ಲಿ ಕೆಲವು ವಾರ ಆ ಲಸಿಕೆಯನ್ನು ನಿಲ್ಲಿಸಿ, ಮಕ್ಕಳಿಗೆ ಅಪಾಯವಿಲ್ಲವೆಂದು ಖಚಿತವಾದ ಮೇಲೆ ಮತ್ತೆ ಬಿಟ್ಟರು. ತಮ್ಮ ಪಿಸಿವಿ2 ಮಾತ್ರ ಸಾಧುವಲ್ಲ. 1991ರಲ್ಲಿ ಕೆನಡಾದ ಪಶ್ಚಿಮ ಭಾಗದಲ್ಲಿ ಹಾಲು ಬಿಡಿಸಿದ ಮರಿಗಳು ಮೇವು ತಿಂದೂ ಕರಗುತ್ತಾ ಹೋಗುವ ಕಾಯಿಲೆ ಕಾಣಿಸಿತು. ಆ ದಶಕದ ಕೊನೆಯ ಹೊತ್ತಿಗೆ ಹಾರ್ಡಿಂಗ್, ಕ್ಲಾರ್ಕ್, ಎಲ್ಲಿಸ್ ಮೊದಲಾದ ಸಂಶೋಧಕರು ಅದನ್ನು ಪಿಸಿವಿ2ಗೆ ತಳುಕು ಹಾಕಿದರು.

ಅಂಥ ಮರಿಯ ದುಗ್ಧಗ್ರಂಥಿಯ ಒಂದು ತೆಳು ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಆರೋಗ್ಯವಂತ ಗ್ರಂಥಿಯಲ್ಲಿ ಬಿ ಲಿಂಫೋಸೈಟ್‌ಗಳು ದಟ್ಟ ನೀಲಿ ಗುಂಪುಗಳಾಗಿ ಕಿಕ್ಕಿರಿದಿರುತ್ತವೆ. ಇಲ್ಲಿ ಆ ಗುಂಪುಗಳು ಮಾಯ. ಜಾಗವೆಲ್ಲ ಬಿಳಿಚಿಕೊಂಡಿದೆ. ಲಿಂಫೋಸೈಟ್‌ಗಳು ಇರಬೇಕಾದಲ್ಲಿ ದೊಡ್ಡ ಮ್ಯಾಕ್ರೋಫೇಜ್‌ಗಳು ಬಂದು ಕೂತಿವೆ, ಕೆಲವು ಒಂದಕ್ಕೊಂದು ಬೆಸೆದು ಹಲವು ನ್ಯೂಕ್ಲಿಯಸ್‌ಗಳ ದೈತ್ಯಕೋಶಗಳಾಗಿವೆ. ಅವುಗಳ ಒಳಗೆ ಕಡು ನೇರಳೆ ಬಣ್ಣದ ಗುಂಡು ಕಣಗಳ ಗುಂಪು: ವೈರಸ್ಸಿನ ರಾಶಿ. ಒಮ್ಮೆ ಕಂಡವರು ಮರೆಯುವುದಿಲ್ಲ.

ವಿಚಿತ್ರವೆಂದರೆ, ಪಿಸಿವಿ2 ಇಲ್ಲದ ಫಾರಂ ಜಗತ್ತಿನಲ್ಲಿ ಅಪರೂಪ. ಹಳೆಯ ಮಾದರಿಗಳನ್ನು ಕೆದಕಿದಾಗ ಕಾಯಿಲೆ ಹೆಸರು ಪಡೆಯುವ ದಶಕಗಳ ಮೊದಲೇ ವೈರಸ್ ಹಂದಿಗಳಲ್ಲಿತ್ತು ಎಂದು ಗೊತ್ತಾಗಿದೆ. ಸೋಂಕಿದ ಎಲ್ಲ ಹಂದಿಯೂ ಕರಗುವುದಿಲ್ಲ. ಹಾಗಾದರೆ ಕರಗುವುದು ಯಾವುದು? ಹೊರಗಿನ ರೋಗಾಣುವೇ ಇಲ್ಲದಂತೆ ಬೆಳೆಸಿದ ಮರಿಗಳ ಮೇಲೆ ಮಾಡಿದ ಪ್ರಯೋಗಗಳು ಉತ್ತರ ಕೊಟ್ಟವು. ಪಿಸಿವಿ2 ಒಂದನ್ನೇ ಕೊಟ್ಟರೆ ಮರಿಗಳು ಹೆಚ್ಚುಕಡಿಮೆ ಚೆನ್ನಾಗಿದ್ದವು. ಜೊತೆಗೆ ಪಾರ್ವೊವೈರಸ್ ಕೊಟ್ಟರೆ ರೋಗ ಬಂತು. ಅಮೆರಿಕದ ಕ್ರಾಕೋವ್ಕಾ ಮತ್ತು ಸಂಗಡಿಗರು 2001ರಲ್ಲಿ ಇನ್ನೂ ಒಂದು ಹೆಜ್ಜೆ ಹೋದರು: ಬೇರೆ ರೋಗಾಣುವೇ ಬೇಡ, ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಎಣ್ಣೆಯ ಮಿಶ್ರಣವೊಂದನ್ನು ಚುಚ್ಚಿದರೂ ಅದೇ ಕಾಯಿಲೆ. ಕಾರಣ ಸರಳ. ಈ ಬಡ ವೈರಸ್ಸಿಗೆ ತನ್ನ ಡಿಎನ್‌ಎಯನ್ನು ನಕಲು ಮಾಡುವ ಸಲಕರಣೆ ಸ್ವಂತದ್ದಿಲ್ಲ. ವಿಭಜನೆಯಾಗುತ್ತಿರುವ ಕೋಶದ ಸಲಕರಣೆಯನ್ನೇ ಎರವಲು ಪಡೆಯಬೇಕು. ಯಾವುದೋ ಶತ್ರುವನ್ನು ಎದುರಿಸಲು ದೇಹ ತನ್ನ ಕೋಶಗಳನ್ನು ದುಪ್ಪಟ್ಟು ಮಾಡಿಕೊಳ್ಳಲು ಹೊರಟಾಗಲೇ ಇದಕ್ಕೆ ಸುಗ್ಗಿ.

ಇಷ್ಟೆಲ್ಲ ಹೇಳಿ ಹೆದರಿಸಿದ ಮೇಲೆ ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಯುರೋಪಿನಲ್ಲಿ 2004ರ ಸುಮಾರಿಗೆ, ಅಮೆರಿಕದಲ್ಲಿ 2006ರಲ್ಲಿ ಬಂದ ಪಿಸಿವಿ2 ಲಸಿಕೆಗಳು ಬಹಳ ಚೆನ್ನಾಗಿ ಕೆಲಸ ಮಾಡಿದವು. ಲಸಿಕೆ ಕಂಡ ಫಾರಂಗಳಲ್ಲಿ ಸರ್ಕೋ ರೋಗದೊಂದಿಗೆ ಉಳಿದ ಶ್ವಾಸರೋಗಗಳೂ ಇಳಿದವು, ಮರಿಗಳ ತೂಕ ಏರಿತು. ಮೊದಲು ಬರುವ ವೈರಸ್ಸನ್ನು ತಡೆದರೆ ಹಿಂದಿನಿಂದ ಬರುವವೂ ನಿಲ್ಲುತ್ತವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಬೇಕಿಲ್ಲ.

ಮೂರನೆಯದು ನಮಗೆ ಹಳೆಯ ಪರಿಚಯದ ಹಂದಿ ಜ್ವರ. 19ನೆಯ ಶತಮಾನದಲ್ಲಿ ಅಮೆರಿಕದ ರೈತರನ್ನು ಕಾಡಿದ ಈ ರೋಗವನ್ನು ಅವರು ಬೃಹತ್ ಕಾರ್ಯಕ್ರಮ ನಡೆಸಿ 1978ರಲ್ಲಿ ನಿರ್ಮೂಲ ಮಾಡಿದರು. ನಮ್ಮಲ್ಲಿ ಅದು ಇಂದಿಗೂ ಇದೆ. ಇದರ ಗುರುತು ಬಿಳಿರಕ್ತಕಣಗಳ ಕುಸಿತ. ಜ್ವರ ಏರುವುದಕ್ಕೂ ಮೊದಲೇ ರಕ್ತದಲ್ಲಿ ಲಿಂಫೋಸೈಟ್‌ಗಳ ಸಂಖ್ಯೆ ಇಳಿಯತೊಡಗುತ್ತದೆ. ಸಾಯುವವುಗಳಲ್ಲಿ ಹೆಚ್ಚಿನವು ವೈರಸ್ ಹೊಕ್ಕೇ ಇಲ್ಲದ ಕೋಶಗಳು ಎಂಬುದು ಸಂಶೋಧಕರನ್ನು ಬಹುಕಾಲ ಕಾಡಿದ ಒಗಟು. ಸ್ವಿಟ್ಜರ್‌ಲೆಂಡಿನ ಸಂಶೋಧಕರು ಕಂಡದ್ದು, ಈ ರೋಗದಲ್ಲಿ ಇಂಟರ್‌ಫೆರಾನ್ ಮಿತಿಮೀರಿ ಹರಿಯುತ್ತದೆ, ಅದರ ಏರಿಕೆಗೂ ಲಿಂಫೋಸೈಟ್‌ಗಳ ಇಳಿಕೆಗೂ ನಂಟಿದೆ. ಪಿಆರ್‌ಆರ್‌ಎಸ್‌ನಲ್ಲಿ ಎಚ್ಚರಿಕೆಯೇ ಮೊಳಗದೆ ಹಾಳು, ಇಲ್ಲಿ ಮೊಳಗಿದ್ದು ನಿಲ್ಲದೆ ಹಾಳು. ರೋಗನಿರೋಧಕ ಶಕ್ತಿ ಎಂದರೆ ಹೆಚ್ಚಿದ್ದಷ್ಟೂ ಒಳ್ಳೆಯದು, ಟಾನಿಕ್ ಕುಡಿಸಿ ಏರಿಸಬಹುದು ಎಂದು ನಂಬಿಸುವ ಜಾಹೀರಾತುಗಳಿಗೆ ಇದನ್ನು ತೋರಿಸಬೇಕು.

ಇದೇ ವೈರಸ್ಸಿನ ಇನ್ನೊಂದು ಆಟ ಗಬ್ಬದಲ್ಲಿ ನಡೆಯುತ್ತದೆ. ಹಂದಿಯ ಗಬ್ಬ 114 ದಿನ. ಸರಿಸುಮಾರು 50ರಿಂದ 70ನೆಯ ದಿನದೊಳಗೆ ತಾಯಿಗೆ ಸೋಂಕಾದರೆ, ಭ್ರೂಣದ ರಕ್ಷಣಾ ವ್ಯವಸ್ಥೆ ಆಗಷ್ಟೇ ತನ್ನದು ಯಾವುದು, ಪರಕೀಯ ಯಾವುದು ಎಂದು ಕಲಿಯುತ್ತಿರುತ್ತದೆ. ವೈರಸ್ಸನ್ನೂ ಅದು ತನ್ನದೆಂದೇ ಎಣಿಸಿಬಿಡುತ್ತದೆ. ಅಂಥ ಮರಿ ಮೇಲ್ನೋಟಕ್ಕೆ ಚೆನ್ನಾಗಿಯೇ ಹುಟ್ಟಿ, ಪ್ರತಿಕಾಯಗಳನ್ನೇ ತಯಾರಿಸದೆ, ತಿಂಗಳುಗಟ್ಟಲೆ ವೈರಸ್ ಚೆಲ್ಲುತ್ತಾ ತಿರುಗಿ, ಆಮೇಲೆ ಸೊರಗಿ ಸಾಯುತ್ತದೆ. ಪ್ರತಿಕಾಯ ಪರೀಕ್ಷೆ ಮಾಡಿದರೆ ನೆಗೆಟಿವ್. ಫಾರಂನಲ್ಲಿ ಲಸಿಕೆ ಹಾಕಿಯೂ ರೋಗ ಮರುಕಳಿಸುತ್ತಿದ್ದರೆ ಇಂಥ ಮರಿಯೊಂದು ಇದೆಯೇ ಎಂದು ಹುಡುಕಬೇಕು.

ಹಂದಿ ಜ್ವರಕ್ಕೆ ನಮ್ಮಲ್ಲಿ ಒಳ್ಳೆಯ ಲಸಿಕೆ ಇದೆ. ದಶಕಗಳ ಕಾಲ ಮೊಲಗಳಲ್ಲಿ ಬೆಳೆಸಿ ತಯಾರಿಸುತ್ತಿದ್ದೆವು. ಅದಕ್ಕೆ ಮೊಲಗಳನ್ನು ಬಲಿ ಕೊಡಬೇಕು, ಸಿಗುವ ಡೋಸ್‌ಗಳೂ ಕಡಿಮೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ನಮ್ಮ ದೇಶದ್ದೇ ತಳಿಯಿಂದ ಕೋಶ ಕೃಷಿಯಲ್ಲಿ ಬೆಳೆಸಿದ ಲಸಿಕೆಯನ್ನು 2020ರಲ್ಲಿ ಬಿಡುಗಡೆ ಮಾಡಿತು. ಆದರೆ ಒಂದು ಎಚ್ಚರಿಕೆ. ಪಿಆರ್‌ಆರ್‌ಎಸ್ ಸೋಂಕು ಇರುವಾಗ ಹಂದಿ ಜ್ವರದ ಲಸಿಕೆ ಹಾಕಿದರೆ ರಕ್ಷಣೆ ಕುಂದುತ್ತದೆ ಎಂದು ತೈವಾನ್ ಮತ್ತು ಥಾಯ್ಲೆಂಡ್‌ನ ಪ್ರಯೋಗಗಳು ತೋರಿಸಿವೆ. ಲಸಿಕೆ ಫಲಿಸಲಿಲ್ಲ ಎಂದು ರೈತರು ದೂರಿದಾಗ ಬಾಟಲಿಯನ್ನೋ ಶೀತಲ ಪೆಟ್ಟಿಗೆಯನ್ನೋ ದೂಷಿಸುವ ಮುನ್ನ, ಆ ದಿನ ಆ ಹಂದಿಯೊಳಗೆ ಇನ್ನಾರಿದ್ದರು ಎಂದು ಕೇಳುವುದು ಒಳ್ಳೆಯದು.

ಆಫ್ರಿಕನ್ ಹಂದಿ ಜ್ವರದ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1921ರಲ್ಲಿ ಮಾಂಟ್‌ಗೊಮರಿ ಎಂಬವರು ಕೀನ್ಯಾದಿಂದ ವರದಿ ಮಾಡಿದ ಈ ರೋಗ 2007ರಲ್ಲಿ ಜಾರ್ಜಿಯಾ, 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ, 2022ರ ಜುಲೈನಲ್ಲಿ ನಮ್ಮ ಕೊಡಗು ಮೈಸೂರುಗಳಿಗೆ ತಾಗಿದ ವಯನಾಡಿಗೆ ಬಂತು. ಇದೂ ಮ್ಯಾಕ್ರೋಫೇಜ್‌ಗಳನ್ನೇ ಹಿಡಿಯುತ್ತದೆ, ಇದರಲ್ಲೂ ಲಿಂಫೋಸೈಟ್‌ಗಳು ರಾಶಿರಾಶಿಯಾಗಿ ಸಾಯುತ್ತವೆ. ವ್ಯತ್ಯಾಸವೆಂದರೆ ಉಗ್ರ ತಳಿಗಳು ಬಂದಾಗ ಬ್ಯಾಕ್ಟೀರಿಯಾ ಹಿಂದಿನಿಂದ ಬರುವಷ್ಟು ಕಾಲಾವಕಾಶವೇ ಇರುವುದಿಲ್ಲ. ವಾರ, ಹತ್ತು ದಿನದಲ್ಲಿ ಗೂಡು ಖಾಲಿ. ವಿಯೆಟ್ನಾಂ ಬಿಟ್ಟರೆ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ದೇಶಗಳು ವಿರಳ. ನಮ್ಮ ಕೈಯಲ್ಲಿರುವುದು ತಡೆಗಟ್ಟುವಿಕೆ ಮಾತ್ರ.

ಈಗ ಕೊನೆಯ ಭಾಗ: ಇದೆಲ್ಲ ತಿಳಿದು ನಾವು ಮಾಡಬೇಕಾದದ್ದೇನು?

ವಿಜ್ಞಾನದ ತುದಿಯಲ್ಲಿ ಏನಾಗುತ್ತಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಮಿಸೌರಿ ವಿಶ್ವವಿದ್ಯಾಲಯದವರು ಸಿಡಿ163 ಇಲ್ಲದಂತೆ ಜೀನ್ ತಿದ್ದಿ ಹುಟ್ಟಿಸಿದ ಹಂದಿಗಳಿಗೆ ಪಿಆರ್‌ಆರ್‌ಎಸ್ ತಗಲಲಿಲ್ಲ ಎಂದು 2016ರ ಹೊತ್ತಿಗೆ ತೋರಿಸಿದರು. ಎಡಿನ್‌ಬರೊದ ರೋಸ್ಲಿನ್ ಸಂಸ್ಥೆ ಆ ಪ್ರೋಟೀನಿನ ಒಂದು ತುಣುಕನ್ನು ಮಾತ್ರ ತೆಗೆದು, ಉಳಿದ ಕೆಲಸ ಕೆಡದಂತೆ ನೋಡಿಕೊಂಡಿತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಂಥ ಹಂದಿಗೆ ಒಪ್ಪಿಗೆಯನ್ನೂ ನೀಡಿದೆ. ಸಾಧನೆ ದೊಡ್ಡದು, ಅನುಮಾನವಿಲ್ಲ. ಆದರೆ ಎರಡು ತಾಯಿ ಹಂದಿ ಸಾಕುವವರ ಗೂಡಿಗೆ ಅದು ಬರುವುದನ್ನು ಕಾದು ಕೂರುವಂತಿಲ್ಲ.

ನಾವು ಕೈಗೆತ್ತಿಕೊಳ್ಳಬೇಕಾದ ಮೊದಲ ಕೆಲಸ ಆಂಟಿಬಯಾಟಿಕ್‌ಗಳ ಲೆಕ್ಕ. ವೈರಸ್ ದಾರಿ ತೆರೆದಿಟ್ಟಿರುವಷ್ಟು ದಿನ ಬ್ಯಾಕ್ಟೀರಿಯಾಗಳ ಸಾಲು ಮುಗಿಯುವುದಿಲ್ಲ, ಔಷಧಿ ಸುರಿದಷ್ಟೂ ಜಗ್ಗದ ತಳಿಗಳು ಹುಟ್ಟುತ್ತವೆ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಭಯದಿಂದ. ಕಾಯಿಲೆ ಬಿದ್ದ ಹಂದಿಗೆ ಆಂಟಿಬಯಾಟಿಕ್ ಬೇಡ ಎನ್ನುವವನು ನಾನಲ್ಲ. ಅದು ಬೇಕೇ ಬೇಕು. ಒಂದೇ ಫಾರಂಗೆ ವರ್ಷದಲ್ಲಿ ಮೂರನೇ ಬಾರಿ ಬೇರೆ ಬೇರೆ ಆಂಟಿಬಯಾಟಿಕ್ ಬರೆಯುವಾಗ ಕೈ ತಡೆದು ಯೋಚಿಸಿ ಎಂದಷ್ಟೇ ಹೇಳುತ್ತೇನೆ.

ಸಾಕಣೆದಾರ ಮಿತ್ರರಿಗೆ ನನ್ನ ಮಾತು ಚಿಕ್ಕದು. ಹುಟ್ಟಿದ ಮರಿಗಳಲ್ಲಿ ಪೀಚಾದದ್ದನ್ನು ಮೊದಲು ಮೊಲೆಗೆ ಹಚ್ಚಿ, ಗಿಣ್ಣು ಹಾಲು ಎಲ್ಲದರ ಹೊಟ್ಟೆಗೂ ಹೋಗಲಿ. ಸಂತೆಯಿಂದ ತಂದ ಹಂದಿಯನ್ನು ಅದೇ ದಿನ ಗುಂಪಿಗೆ ಬಿಡಬೇಡಿ. ಕನಿಷ್ಠ ಒಂದು ತಿಂಗಳು ಬೇರೆ ಇಡಿ, ಅದಕ್ಕೆ ಮೇವು ಹಾಕುವ ಸರದಿ ಕೊನೆಯಲ್ಲಿರಲಿ. ಹೋಟೆಲ್ ಮುಸುರೆಯನ್ನು ಕುದಿಸದೆ ಹಾಕಬೇಡಿ. ಕುದಿಸುವುದೆಂದರೆ ಬಿಸಿ ಮಾಡುವುದಲ್ಲ, ಅರ್ಧ ಗಂಟೆ ಮರಳಬೇಕು. ಗಂಡು ಹಂದಿಯನ್ನು ಊರಿಂದೂರಿಗೆ ಹೊಡೆದುಕೊಂಡು ಹೋಗುವ ಪದ್ಧತಿ ಅಗ್ಗವೆನಿಸಬಹುದು, ಅದರ ಬೆಲೆ ಆಮೇಲೆ ತೆರಬೇಕಾಗುತ್ತದೆ.

ಇನ್ನು ನನ್ನ ವೃತ್ತಿಬಾಂಧವರಲ್ಲಿ ಒಂದು ವಿನಂತಿ. ಹಂದಿಗಳು ಹಠಾತ್ತನೆ ಸಾಲಾಗಿ ಸತ್ತು, ಆಫ್ರಿಕನ್ ಹಂದಿ ಜ್ವರದ ಸಂಶಯವಿದ್ದರೆ ಗೂಡಿನ ಬಳಿ ಕಳೇಬರವನ್ನು ಕೊಯ್ಯಲೇಬೇಡಿ. ರಕ್ತ ಚೆಲ್ಲಿದಲ್ಲೆಲ್ಲ ವೈರಸ್ ಉಳಿಯುತ್ತದೆ. ಇಲಾಖೆಗೆ ತಿಳಿಸಿ, ಮಾದರಿ ಭೋಪಾಲ್‌ನ ಉನ್ನತ ಭದ್ರತಾ ಪಶುರೋಗ ಸಂಸ್ಥೆಗೆ ಹೋಗುವಂತೆ ನೋಡಿಕೊಳ್ಳಿ. ಆ ಸಂಶಯವಿಲ್ಲದ, ಸೊರಗಿ ಸತ್ತ ಮರಿಯನ್ನು ತೆರೆದಾಗ ಫೈಬ್ರಿನ್ನಿನ ಸ್ವಾಬ್ ಒಂದಕ್ಕೇ ನಿಲ್ಲಬೇಡಿ. ಟಾನ್ಸಿಲ್, ತೊಡೆಸಂದಿನ ದುಗ್ಧಗ್ರಂಥಿ, ಗುಲ್ಮ, ಶ್ವಾಸಕೋಶದ ತುಂಡುಗಳನ್ನು ಐಸ್‌ನಲ್ಲಿಟ್ಟು, ಅವುಗಳದೇ ಇನ್ನೊಂದು ಜೊತೆಯನ್ನು ಫಾರ್ಮಲಿನ್‌ನಲ್ಲಿಟ್ಟು ಕಳಿಸಿ. ಜೊತೆಗೆ ಅದೇ ಗುಂಪಿನ ಬದುಕಿರುವ ನಾಲ್ಕೈದು ಮರಿಗಳ ರಕ್ತವೂ ಇರಲಿ. ನಮ್ಮ ರಾಜ್ಯದವರಿಗೆ ದೂರದ ನೆಪವೂ ಇಲ್ಲ. ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಯಲಹಂಕದಲ್ಲಿ ಪಶುರೋಗಗಳ ಸಮೀಕ್ಷೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇವೆ. ಮಾದರಿಯ ಜೊತೆಗಿನ ಪತ್ರದಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಎಂದು ಬರೆಯುವ ಸಾಲಿನ ಮೇಲೆಯೇ ಪಿಆರ್‌ಆರ್‌ಎಸ್, ಸರ್ಕೋ, ಹಂದಿ ಜ್ವರ ಈ ಮೂರನ್ನೂ ನೋಡಿ ಎಂದು ಬರೆಯಿರಿ, ಉತ್ತರ ಬರುವವರೆಗೆ ಆ ಫಾರಂನಿಂದ ಒಂದು ಮರಿಯೂ ಮಾರಾಟವಾಗದಂತೆ ಸಾಕಣೆದಾರರಿಗೆ ತಿಳಿಹೇಳಿ.